ಇರುವೆಯ ಒಪ್ಪಿಗೆ

ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಬೆನ್ನ ಹಿಂದೆ ಕತ್ತರಿ ಎನ್ನುತ್ತಾರೆ. ತೀರಾ ಹಿಂದೇನೂ ಅಲ್ಲ, ನನಗೆ ಕೇಳಿಸುವಷ್ಟು ಹತ್ತಿರದಲ್ಲೇ. ನನಗದರಿಂದ ಬೇಜಾರಿಲ್ಲ. ಮೇಷ್ಟ್ರುಗಳು ಆನ್‌ಲೈನ್ ಕೋರ್ಸಿಗೆಂದು ಮಾಡುವ ವಿಡಿಯೋಗಳನ್ನೆಲ್ಲ ಕೂತು ನೋಡಿ, ಅದರಲ್ಲಿ ಇನ್ನೊಬ್ಬರ ಚಿತ್ರ, ಹಾಡು, ನಕ್ಷೆ ಏನಿದೆ, ಅದಕ್ಕೆ ಒಪ್ಪಿಗೆ ಪಡೆದಿದ್ದಾರೋ ಇಲ್ಲವೋ ಎಂದು ವಿಚಾರಿಸಿ, ಇಲ್ಲದಿದ್ದರೆ ಕತ್ತರಿಸಿ ಹಾಕುವುದು ನನ್ನ ಕೆಲಸ. ಸಂಬಳ ಕೊಡುವುದೇ ಅದಕ್ಕೆ.

ಓದಿದವರಷ್ಟು ಧೈರ್ಯವಾಗಿ ಕದಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ರಸಾಯನಶಾಸ್ತ್ರದವರು ಆಮ್ಲ ಹನಿ ಹನಿಯಾಗಿ ಬೀಳುವಾಗ ಹಿನ್ನೆಲೆಗೆ ಸಿನಿಮಾ ಹಾಡು ಹಾಕಿಕೊಂಡು ಬಂದಿದ್ದರು. ಅರ್ಥಶಾಸ್ತ್ರದ ಮೇಡಂ ಪತ್ರಿಕೆಯ ವ್ಯಂಗ್ಯಚಿತ್ರವೊಂದನ್ನು ಎತ್ತಿ ಅಂಟಿಸಿ, ಕೆಳಗೆ 'ಮೂಲ: ಇಂಟರ್ನೆಟ್' ಎಂದು ಬರೆದು, ಎಲ್ಲ ಪಾಪವೂ ಕಳೆಯಿತು ಎಂಬ ಮುಖ ಮಾಡಿದ್ದರು.

"ಮೇಡಂ, ಬೀದೀಲಿ ನಿಲ್ಲಿಸಿದ್ದ ಸೈಕಲ್ ಎತ್ಕೊಂಡು ಬಂದು 'ಮೂಲ: ಬೀದಿ' ಅಂತ ಚೀಟಿ ಅಂಟಿಸಿದ್ರೆ ಅದು ನಿಮ್ಮದಾಗುತ್ತಾ?" ಎಂದೆ. ಅವತ್ತಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊಟದ ಹೊತ್ತಿಗೆ ಈಗ ನನಗೆ ಎಷ್ಟೋ ನೆಮ್ಮದಿ.

ಇಷ್ಟು ಕಟ್ಟುನಿಟ್ಟಿನ ನನ್ನ ಎದುರಿಗೆ ಒಂದು ದಿನ ನಮ್ಮ ಭಾವನೇ ಬಂದು ಕೂತರು.

ಭಾವ ಅಂದರೆ ನಮ್ಮಕ್ಕನ ಗಂಡ. ಅದೇ ಕಾಲೇಜಿನ ಸಸ್ಯಶಾಸ್ತ್ರದ ಹಿರಿಯ ಮೇಷ್ಟ್ರು. ಪಾಠದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಪ್ರಾಯದಲ್ಲಿ ಒಂದು ಪುಸ್ತಕ ಬರೆದಿದ್ದರು. ಈಗಲೂ ಅದು ಎಷ್ಟೋ ಕಾಲೇಜುಗಳಲ್ಲಿ ಪಠ್ಯ. ಆ ವರ್ಷ ಅವರಿಗೆ ನಿವೃತ್ತಿ. ತಾನು ಹೋದ ಮೇಲೂ ತನ್ನ ಪಾಠ ಉಳಿಯಬೇಕು, ಆನ್‌ಲೈನ್ ಕೋರ್ಸಿನಲ್ಲಿ ತನ್ನ ದನಿ ಕೇಳುತ್ತಿರಬೇಕು ಎಂಬುದೊಂದೇ ಅವರ ಆಸೆ. ಹೊಸ ಅವಧಿ ಶುರುವಾಗುವುದರೊಳಗೆ ತಯಾರಾಗದಿದ್ದರೆ ಕೋರ್ಸನ್ನು ಕಿರಿಯ ಮೇಷ್ಟ್ರಿಗೆ ಒಪ್ಪಿಸುತ್ತೇನೆ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಆ ಕಿರಿಯನ ಹೆಸರೆತ್ತಿದರೆ ಸಾಕು, ಭಾವನಿಗೆ ಮೈಯೆಲ್ಲ ಉರಿ.

"ನನ್ನ ಕೋರ್ಸಿನಲ್ಲಿ ನಿನಗೆ ಕೆಲಸಾನೇ ಇಲ್ಲ ಕಣಮ್ಮ," ಎಂದರು ಭಾವ, ಕಾಲ ಮೇಲೆ ಕಾಲು ಹಾಕಿ. "ಚಿತ್ರ ಎಲ್ಲಾ ನನ್ನ ಪುಸ್ತಕದ್ದೇ. ನನ್ನ ಪುಸ್ತಕ, ನನ್ನ ಪಾಠ. ಯಾರಪ್ಪನ ಒಪ್ಪಿಗೆ ಬೇಕು?"

"ಪ್ರಕಾಶಕರ ಅಪ್ಪನದ್ದು," ಎಂದೆ. "ಒಪ್ಪಂದ ಇದ್ದರೆ ತನ್ನಿ ಸರ್." ಆಫೀಸಿನಲ್ಲಿ ನಾನು ಅವರನ್ನು ಸರ್ ಎಂದೇ ಕರೆಯುವುದು. ಅವರಿಗೆ ಅದು ಮರ್ಯಾದೆ ಅನ್ನಿಸುತ್ತದೆ, ನನಗೆ ಮಜಾ ಅನ್ನಿಸುತ್ತದೆ.

ಮಾರನೆಯ ದಿನ ತಂದರು. ಓದಿದೆ. ಪುಸ್ತಕದ ಮೇಲೆ ಲೇಖಕನಿಗಿರುವ ಸಕಲ ಹಕ್ಕುಗಳನ್ನೂ ಪ್ರಕಾಶಕರಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಭಾವ ದುಂಡಗೆ ಸಹಿ ಹಾಕಿದ್ದರು. ಅದನ್ನು ತೋರಿಸಿದಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಅಂದ್ರೆ ನನ್ನ ಮಗೂನ ಎತ್ಕೊಳ್ಳೋಕೆ ನಾನು ಇನ್ನೊಬ್ಬರನ್ನ ಕೇಳ್ಬೇಕಾ?"

"ದತ್ತು ಕೊಟ್ಟ ಮೇಲೆ ಕೇಳ್ಬೇಕು ಸರ್."

"ಇಷ್ಟು ವರ್ಷ ಕ್ಲಾಸಿನಲ್ಲಿ ತೋರಿಸಿಲ್ವಾ? ಆಗ ಎಲ್ಲಿ ಹೋಗಿತ್ತು ನಿನ್ನ ಕಾನೂನು?"

"ಅದು ನಾಲ್ಕು ಗೋಡೆ ಒಳಗೆ. ಇದು ಜಗತ್ತಿನ ಬೀದಿ. ಮನೆ ಒಳಗೆ ಹೇಗೆ ಓಡಾಡಿದ್ರೂ ನಡೆಯುತ್ತೆ, ಬೀದಿಗೆ ಇಳಿಯುವಾಗ ಅಂಗಿ ಹಾಕ್ಕೊಳ್ಳಲ್ವಾ?"

ಭಾವ ಗೊಣಗುತ್ತಲೇ ಪ್ರಕಾಶಕರಿಗೆ ಬರೆದರು. ಉತ್ತರ ಬೇಗನೆ ಬಂತು, ಬಹಳ ವಿನಯದಿಂದ ಬಂತು. ಅದೇ ಪುಸ್ತಕವಿಟ್ಟುಕೊಂಡು ತಾವೇ ಒಂದು ಆನ್‌ಲೈನ್ ಕೋರ್ಸ್ ಮಾಡುತ್ತಿರುವುದರಿಂದ ಒಪ್ಪಿಗೆ ಕೊಡಲಾಗದು, ಕ್ಷಮಿಸಬೇಕು, ಇಂತಿ ನಮಸ್ಕಾರಗಳು. ಭಾವ ಆ ಕಾಗದವನ್ನು ಮಡಚಿ ಮಡಚಿ ಕಡಲೆಬೀಜದ ಗಾತ್ರಕ್ಕೆ ತಂದರು.

ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳು ನೆಟ್ಟಿನಲ್ಲಿ ರಾಶಿ ಬಿದ್ದಿವೆ, ಆರಿಸಿಕೊಡುತ್ತೇನೆ ಎಂದೆ. ನೋಡಿದರು, ಮೂಗು ಮುರಿದರು. "ಈ ಎಲೆ ನನ್ನ ಎಲೆ ಅಲ್ಲ ಕಣೇ. ನನ್ನ ಚಿತ್ರದಲ್ಲಿ ಪ್ರತಿ ಜೀವಕೋಶಾನೂ ಮಾತಾಡುತ್ತೆ. ಆ ಚಿತ್ರ ಇಲ್ದೆ ನನಗೆ ಪಾಠಾನೇ ಬರಲ್ಲ." ಆಮೇಲೆ ಹಟ ಹಿಡಿದು ತಾವೇ ಪೆನ್ಸಿಲ್ ಕೈಗೆತ್ತಿಕೊಂಡರು. ನಮ್ಮ ಕ್ಯಾಮೆರಾದವನು ದಪ್ಪ ಮನುಷ್ಯ, ಮಾತು ತೆಳ್ಳಗೆ. ಭಾವನ ಚಿತ್ರವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, "ಇದು ಎಡಗಾಲಿನ ಚಪ್ಪಲಿಯಾ, ಬಲಗಾಲಿಂದಾ ಸರ್?" ಎಂದು ಕೇಳಿಬಿಟ್ಟ. ಅದು ಎಲೆಯಾಗಿತ್ತು.

ಅಲ್ಲಿಗೆ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಎಲೆಯನ್ನು ಚಪ್ಪಲಿ ಮಾಡುವ ಈ ಮನುಷ್ಯ ಪುಸ್ತಕದ ಅಷ್ಟು ಚೆಂದದ ಚಿತ್ರಗಳನ್ನು ಬಿಡಿಸಿದ್ದು ಹೇಗೆ?

ಅವರು ಕೊಟ್ಟಿದ್ದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿ ನೋಡಿದೆ. ಎಲೆಯನ್ನು ಅಡ್ಡ ಕೊಯ್ದಾಗ ಕಾಣುವ ಒಳಗಿನ ಚಿತ್ರ. ಗೆರೆ ಅಂದರೆ ಗೆರೆ. ಕೆಳಗಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕಿ ಇತ್ತು. ಇನ್ನೂ ದೊಡ್ಡದು ಮಾಡಿದೆ. ಚುಕ್ಕಿಗೆ ಆರು ಕಾಲು, ಎರಡು ಮೀಸೆ. ತನಗಿಂತ ದೊಡ್ಡ ಒಂದು ಕಾಳನ್ನು ಎಳೆದುಕೊಂಡು ಹೊರಟಿತ್ತು. ಬೇರಿನ ಚಿತ್ರ ತೆರೆದೆ, ಅಲ್ಲೂ ಇರುವೆ. ಹೂವಿನ ಚಿತ್ರದಲ್ಲಿ ದಳದ ಹಿಂದಿನಿಂದ ಇಣುಕುತ್ತಿತ್ತು. ನಾನು ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕೆ.

ಇರುವೆ ಅಂದರೆ ನಮ್ಮಕ್ಕ. ಚಿಕ್ಕವಳಿದ್ದಾಗ ಒಂದು ಕ್ಷಣ ಕೂತವಳಲ್ಲ, ತನಗಿಂತ ಭಾರದ್ದನ್ನೇ ಹೊತ್ತು ತಿರುಗುತ್ತಿದ್ದಳು ಎಂದು ನಮ್ಮಪ್ಪ ಇಟ್ಟ ಹೆಸರು. ಅವಳು ಅದಕ್ಕೆ ಸಿಟ್ಟಾಗುವ ಬದಲು ತಾನು ಬಿಡಿಸಿದ ಪ್ರತಿಯೊಂದು ಚಿತ್ರದಲ್ಲೂ, ನನ್ನ ಶಾಲೆಯ ನಕ್ಷೆಗಳಲ್ಲೂ ಸೇರಿ, ಒಂದು ಇರುವೆ ಬಿಡುತ್ತಿದ್ದಳು. ಭಾವನ ಪುಸ್ತಕ ಬಂದ ಕಾಲಕ್ಕೆ ನಾನು ದೂರದಲ್ಲಿ ಓದುತ್ತಿದ್ದೆ. ಮನೆಯಲ್ಲಿ ಏನು ನಡೆಯಿತೋ ನನಗೆ ಗೊತ್ತಿರಲಿಲ್ಲ.

ಭಾವನನ್ನು ಕರೆಸಿದೆ. "ಸರ್, ಈ ಮೂಲೇಲಿ ಇರೋದೇನು?"

"ಅಯ್ಯೋ, ಅದಾ? ಪ್ರೆಸ್ಸಿನವರ ಕೊಳಕು. ಮುದ್ರಣ ಆದಾಗೆಲ್ಲ ಜಗಳ ಆಡಿದೀನಿ, ಹೋಗ್ಲೇ ಇಲ್ಲ. ಇನ್ನು ಈ ಹುಡುಗರು! ಪರೀಕ್ಷೇಲಿ ಚಿತ್ರ ಬರೆಯುವಾಗ ಆ ಕಲೇನೂ ಸೇರಿಸಿ ಬರೀತಾರೆ. ನಾನೂ ಬಿಡಲ್ಲ, ಅರ್ಧ ಅಂಕ ಕತ್ತರಿಸ್ತೀನಿ."

ತಲೆಮಾರುಗಳ ಮಕ್ಕಳು ನಮ್ಮಕ್ಕನ ಇರುವೆಯನ್ನು ಶ್ರದ್ಧೆಯಿಂದ ನಕಲು ಮಾಡಿ ಅಂಕ ಕಳೆದುಕೊಂಡಿದ್ದರು. ನಾನು ತುಟಿ ಕಚ್ಚಿಕೊಂಡು, "ಚಿತ್ರ ಬಿಡಿಸಿದ್ದು ಯಾರು?" ಎಂದೆ.

"ಅದೇ, ಮನೇಲೇ ಬರೆಸಿದ್ದು."

"ಮನೇಲಿ ಅಂದ್ರೆ? ಗೋಡೆ ಬರೀತಾ, ಬಾಗಿಲು ಬರೀತಾ?"

"ನಿಮ್ಮಕ್ಕ ಬರೆದಿರ್ಬೇಕು. ಅದಕ್ಕೇನೀಗ?" ಎಂದರು ಭಾವ, ನಿಜವಾಗಿಯೂ ಅರ್ಥವಾಗದೆ. ಆ 'ಬರೆದಿರ್ಬೇಕು' ಕೇಳಿ ನನಗೆ ಮೈ ಉರಿದುಹೋಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಸಸ್ಯಶಾಸ್ತ್ರದ ಮೇಷ್ಟ್ರಿಗೂ ಅದು ಮದ್ದಲ್ಲ ಅಂದರೆ ಏನು ಹೇಳೋಣ?

ಸಂಜೆ ನೇರವಾಗಿ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿದ್ದಳು. ಕೇಳಿದ್ದಕ್ಕೆ, "ಮತ್ತೆ ಇನ್ಯಾರು? ನಿಮ್ಮ ಭಾವ ಗೆರೆ ಎಳೆದ್ರೆ ಅದು ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೇ ಗೊತ್ತಾಗಲ್ಲ," ಎಂದಳು.

"ಹಕ್ಕು ಬಿಟ್ಟುಕೊಟ್ಟಿದೀನಿ ಅಂತ ಎಲ್ಲಾದ್ರೂ ಸಹಿ ಹಾಕಿದ್ಯಾ?"

"ನನ್ನನ್ನ ಯಾರು ಕೇಳಿದ್ರು, ಸಹಿ ಹಾಕೋಕೆ? ಮುನ್ನುಡೀಲಿ ಬರೆದಿದಾರಲ್ಲ, 'ನನ್ನ ಶ್ರೀಮತಿಯ ಸಹನೆಗೆ ಋಣಿ' ಅಂತ. ಅಷ್ಟೇ ನನ್ನ ಪಾಲು."

ಹೀಗೆಂದು ಅವಳು ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಹಿಟ್ಟು, ಉಪ್ಪು, ಸಕ್ಕರೆ. ಅವುಗಳ ಅಡಿಯಲ್ಲಿ ಕಪಾಟಿಗೆ ಹಾಸಿದ್ದ ದಪ್ಪ ಕಾಗದಗಳನ್ನು ತಿರುವಿ ಹಾಕಿದಳು. ಎಲೆ, ಬೇರು, ಹೂವು, ಕಾಂಡ, ಎಲ್ಲವೂ ಮೂಲ ಚಿತ್ರಗಳೇ. ಡಬ್ಬಿಗಳ ದುಂಡು ಗುರುತು ಬೆನ್ನಿಗೆ ಬಿದ್ದಿತ್ತು, ಗೆರೆ ಮಾತ್ರ ಒಂದೂ ಕೆಟ್ಟಿರಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಭಾವ ಇವನ್ನು ರದ್ದಿಗೆ ಹಾಕಲು ಹೊರಟಿದ್ದರಂತೆ.

"ಇಲ್ಲಿಟ್ರೆ ಅವರ ಕೈಗೆ ಎಂದೂ ಸಿಗಲ್ಲ ಅಂತ ಗೊತ್ತಿತ್ತು," ಎಂದಳು. "ಅವರು ಈ ಕಪಾಟು ತೆಗೆದದ್ದನ್ನ ನಾನು ಕಂಡೇ ಇಲ್ಲ."

ನಾನು ಅವಳಿಗೆ ಬಿಡಿಸಿ ಹೇಳಿದೆ. ಚಿತ್ರ ಬಿಡಿಸಿದವಳು ನೀನು. ಬರಹದಲ್ಲಿ ನೀನು ಯಾರಿಗೂ ಕೊಟ್ಟಿಲ್ಲ. ಭಾವ ಬಿಟ್ಟುಕೊಟ್ಟದ್ದು ತಮ್ಮದನ್ನು ಮಾತ್ರ, ನಿನ್ನದನ್ನು ಬಿಟ್ಟುಕೊಡಲು ಅವರಿಗೆ ಅಧಿಕಾರವೇ ಇರಲಿಲ್ಲ. ಆದ್ದರಿಂದ ಇವು ಪ್ರಕಾಶಕರದ್ದೂ ಅಲ್ಲ, ಭಾವನದ್ದೂ ಅಲ್ಲ.

ಅಕ್ಕ ಸಕ್ಕರೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ, "ನನಗೆ ಸಿಟ್ಟಿದೆ ಕಣೇ," ಎಂದಳು. "ಇಷ್ಟು ವರ್ಷದಿಂದ ಇದೆ. ಹೆಸರು ಹಾಕ್ಲಿಲ್ಲ ಅಂತ ಅಲ್ಲ. 'ಇದನ್ನ ತಗೊಳ್ಳಲಾ' ಅಂತ ಒಂದು ಮಾತು ಕೇಳ್ಲಿಲ್ವಲ್ಲ, ಅದಕ್ಕೆ. ಉಪ್ಪು ಬೇಕಾದ್ರೆ ಪಕ್ಕದ ಮನೆಯೋರನ್ನ ಕೇಳ್ತೀವಿ. ನನ್ನನ್ನ ಅಷ್ಟೂ ಕೇಳ್ಲಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ಮರುಗಳಿಗೆಗೆ ಅವಳು ಮೂಗು ಒರೆಸಿಕೊಂಡು, "ಈಗ ಕೇಳ್ಲೇಬೇಕಾ?" ಎಂದಳು.

"ಕೇಳ್ಲೇಬೇಕು. ಕಾನೂನು."

"ಹಾಗಾದ್ರೆ ಕೇಳ್ಲಿ," ಎಂದು ನಕ್ಕಳು ಇರುವೆ. ಚಿಕ್ಕಂದಿನಲ್ಲಿ ಯಾರ ಜಡೆಯನ್ನಾದರೂ ಕಿಟಕಿಗೆ ಕಟ್ಟುವ ಮುಂಚೆ ಅವಳು ನಗುತ್ತಿದ್ದದ್ದು ಹೀಗೇ.

ಬೆಳಿಗ್ಗೆ ಭಾವನಿಗೆ ವಿಷಯ ತಿಳಿಸಿದೆ. "ಸರ್, ಒಳ್ಳೇ ಸುದ್ದಿ. ಚಿತ್ರಗಳು ಪ್ರಕಾಶಕರದ್ದಲ್ಲ. ಹಕ್ಕುದಾರರು ಬೇರೆ ಇದಾರೆ. ನಿಮಗೆ ದಿನಾ ಬೆಳಿಗ್ಗೆ ಕಾಫಿ ಕೊಡೋರು."

ಭಾವ ಮೇಜು ಕುಟ್ಟಿ ಕುಟ್ಟಿ ನಕ್ಕರು. "ಅಷ್ಟೇನಾ! ಹಾಗಾದ್ರೆ ಮುಗೀತು ಬಿಡು!" ನಾನು ಒಪ್ಪಿಗೆಯ ಅರ್ಜಿ ನಮೂನೆ ಕೊಟ್ಟೆ. ಅಲ್ಲೇ ನಿಂತು ತುಂಬಿದರು. ಹಕ್ಕುದಾರರು ಯಾರು ಎಂಬಲ್ಲಿ 'ನಮ್ಮ ಮನೆಯವಳು'. ಹಕ್ಕುದಾರರ ಒಪ್ಪಿಗೆ ಇದೆಯೇ ಎಂಬಲ್ಲಿ 'ಇರುತ್ತದೆ'. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ವಾಪಸ್ಸು ಮಾಡಿದೆ.

ರಾತ್ರಿ ಊಟಕ್ಕೆ ಕೂತಾಗ, "ಏ, ಅದೇನೋ ಒಂದು ಸಹಿ ಹಾಕ್ಬೇಕಂತೆ, ಹಾಕ್ಬಿಡು" ಎಂದರಂತೆ. ಅಕ್ಕ ತಟ್ಟೆಗೆ ಬಡಿಸುತ್ತಲೇ, "ಅದೆಲ್ಲ ಆಫೀಸಿನ ವ್ಯವಹಾರ ರೀ. ಆಫೀಸಿನ ಮೂಲಕ ಬನ್ನಿ," ಎಂದಳಂತೆ. ಮಾರನೆಯ ದಿನ ಭಾವ ನನ್ನ ಮೇಜಿನ ಮುಂದೆ ಬುಸುಗುಟ್ಟುತ್ತಾ ನಿಂತರು.

"ಅಕ್ಕ ತಂಗಿ ಸೇರ್ಕೊಂಡು ಆಟ ಆಡಿಸ್ತಿದೀರಾ?"

"ಇಲ್ಲ ಸರ್. ಹಕ್ಕುದಾರರಿಗೆ ಉತ್ತರ ಕೊಡೋಕೆ ಒಂದು ತಿಂಗಳು ಗಡುವಿದೆ. ಅವರು ಅದಷ್ಟನ್ನೂ ತಗೊಂಡ್ರೆ ಕೋರ್ಸು ಕಿರಿಯ ಮೇಷ್ಟ್ರಿಗೆ ಹೋಗುತ್ತೆ. ಯೋಚ್ನೆ ಮಾಡಿ ಬರೀರಿ."

ಎರಡನೆಯ ಅರ್ಜಿಯಲ್ಲಿ 'ನನ್ನ ಮಾರ್ಗದರ್ಶನದಲ್ಲಿ ನನ್ನ ಶ್ರೀಮತಿಯು ಸಹನೆಯಿಂದ ಬಿಡಿಸಿದ' ಎಂದಿತ್ತು. ಅಕ್ಕ ಅದನ್ನು ಪೂರ್ತಿ ಓದಲೂ ಇಲ್ಲ. 'ಸಹನೆ' ಸಿಕ್ಕಿದ ಕೂಡಲೇ ಮಡಚಿ ನನ್ನ ಕೈಗೆ ಕೊಟ್ಟಳು. "ಅದು ಮುಗಿದುಹೋಗಿದೆ ಅಂತ ಹೇಳು," ಎಂದಳು.

ನಾನು ಭಾವನಿಗೆ ಅಷ್ಟನ್ನೇ ಹೇಳಿದೆ. ಜೊತೆಗೆ ಮೂಲ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, ಮೂಲೆಗೆ ಭೂತಗನ್ನಡಿ ಹಿಡಿದೆ. ಅವರು ಬಗ್ಗಿದರು. ಪ್ರೆಸ್ಸಿಗೆ ಹೋಗುವ ಮುಂಚಿನ ಕಾಗದದಲ್ಲೂ ಪ್ರೆಸ್ಸಿನ ಕೊಳಕು ಇತ್ತು. ಆರು ಕಾಲು, ಎರಡು ಮೀಸೆ, ಒಂದು ಕಾಳು. ತುಂಬಾ ಹೊತ್ತು ನೋಡಿದರು. ಮದುವೆಯಾದ ಹೊಸದರಲ್ಲಿ ನಮ್ಮಪ್ಪ ಅಕ್ಕನನ್ನು ಕೂಗುತ್ತಿದ್ದ ಹೆಸರು ನೆನಪಾಯಿತೇನೋ, ಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಬಗ್ಗಿದರು.

"ಎಲ್ಲಾ ಚಿತ್ರದಲ್ಲೂ ಇದೆಯಾ?" ಎಂದು ಕೇಳಿದರು.

"ಎಲ್ಲಾದರಲ್ಲೂ."

"ನಾನು ಅದಕ್ಕೆ ಅಂಕ ಕತ್ತರಿಸ್ತಾ ಇದ್ನಲ್ಲೇ," ಎಂದರು ಭಾವ. ಹೊಸ ನಮೂನೆ ಕೇಳಿ ತೆಗೆದುಕೊಂಡು ಹೋದರು.

ಮೂರನೆಯ ಅರ್ಜಿ ಲಕೋಟೆಯಲ್ಲಿ ಬಂತು. ಹಕ್ಕುದಾರರು ಎಂಬಲ್ಲಿ ಅಕ್ಕನ ಪೂರ್ತಿ ಹೆಸರಿತ್ತು, ಅಕ್ಷರಗಳು ಶಾಲೆಯ ಮಗು ಬರೆದಷ್ಟು ಎಚ್ಚರಿಕೆಯವು. ಕೆಳಗೆ ಬರೆದಿದ್ದರು: 'ಈ ಚಿತ್ರಗಳನ್ನು ನಾನು ಕೇಳದೆ ತೆಗೆದುಕೊಂಡಿದ್ದೆ. ಇವಿಲ್ಲದೆ ನನಗೆ ಪಾಠ ಬರುವುದಿಲ್ಲ. ದಯವಿಟ್ಟು ಒಪ್ಪಿಗೆ ಕೊಡಿ.' ಮನೆಯಲ್ಲಿ ಏ, ಬಾರೇ ಎನ್ನುವ ಮನುಷ್ಯ 'ಕೊಡಿ' ಎಂದು ಬರೆದಿದ್ದರು.

ಅಕ್ಕ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಎರಡನೇ ಸಲ ಓದುವಾಗ ಕೂತಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ನಾವಿಬ್ಬರೂ ನೋಡಲಿಲ್ಲ. ಆಮೇಲೆ ಮೂರು ಷರತ್ತು ಬರೆದು ಸಹಿ ಹಾಕಿದಳು. ಪ್ರತಿ ಚಿತ್ರದ ಕೆಳಗೆ ತನ್ನ ಹೆಸರಿರಬೇಕು. ಇರುವೆಯನ್ನು ಅಳಿಸಬಾರದು. ಒಪ್ಪಿಗೆ ಒಂದು ವರ್ಷಕ್ಕೆ ಮಾತ್ರ.

"ಒಂದೇ ವರ್ಷ ಯಾಕೆ?" ಎಂದೆ.

"ಎಷ್ಟೋ ವರ್ಷದ ಮೇಲೆ ಒಂದ್ಸಲ ಕೇಳಿದಾರೆ. ಚೆನ್ನಾಗಿತ್ತು ಕಣೇ. ಇನ್ನೊಂದ್ಸಲ ಕೇಳ್ಲಿ."

ಎರಡನೆಯ ಷರತ್ತು ಕೇಳಿ ಕ್ಯಾಮೆರಾದವನು ತಲೆಯ ಮೇಲೆ ಕೈ ಹೊತ್ತ. ಭಾವನ ಮಾತು ಕೇಳಿ ಅವನು ಅಷ್ಟೂ ಚಿತ್ರಗಳ 'ಕೊಳಕ'ನ್ನು ಕೂತು ತೊಳೆದಿಟ್ಟಿದ್ದ. ಮೂಲ ಚಿತ್ರಗಳಿಂದ ಎಲ್ಲವನ್ನೂ ಹೊಸದಾಗಿ ಸ್ಕ್ಯಾನ್ ಮಾಡಿದ್ದಾಯಿತು. ಪ್ರಕಾಶಕರಿಗೂ ಒಂದು ಪತ್ರ ಹಾಕಿದೆ: ಚಿತ್ರಗಳಿಗೆ ನೀವು ಪಡೆದ ಒಪ್ಪಿಗೆಯ ಪ್ರತಿ ಕಳಿಸಿಕೊಡಿ, ಇಂತಿ ನಮಸ್ಕಾರಗಳು. ಈ ಸಲ ಉತ್ತರ ಬೇಗ ಬರಲಿಲ್ಲ. ಬಂದಾಗ ನನಗೆ ಬರಲಿಲ್ಲ, ಅಕ್ಕನ ಹೆಸರಿಗೆ ಬಂತು, 'ಮಾನ್ಯರೇ' ಎಂದು ಶುರುವಾಗಿತ್ತು. ಅವಳು ಅವರಿಗೂ ಅರ್ಜಿ ನಮೂನೆ ಕಳಿಸಿದಳು.

ಚಿತ್ರೀಕರಣದ ದಿನ ಭಾವ ಇಸ್ತ್ರಿ ಅಂಗಿ ಹಾಕಿ ಕ್ಯಾಮೆರಾ ಮುಂದೆ ನಿಂತರು. ಎಷ್ಟೋ ಸಾವಿರ ಮಕ್ಕಳೆದುರು ತಡವರಿಸದ ಬಾಯಿ ಅವತ್ತು ಎಲೆಯ ಚಿತ್ರ ಬಂದ ಕೂಡಲೇ ತಡವರಿಸಿತು. "ಈ ಚಿತ್ರ ಬಿಡಿಸಿದವರು..." ಎಂದು ಅಕ್ಕನ ಹೆಸರು ಹೇಳಿ, ಚಿತ್ರದ ಮೂಲೆಗೆ ಬೆರಳು ತೋರಿಸಿದರು. "ಮೂಲೆಯಲ್ಲಿ ಇರೋದು ಕೊಳಕಲ್ಲ, ಇರುವೆ. ಇದನ್ನ ಬರೆದಿದ್ದಕ್ಕೆ ಹಿಂದೆ ಯಾರಿಗಾದ್ರೂ ನಾನು ಅಂಕ ಕತ್ತರಿಸಿದ್ರೆ, ತಪ್ಪು ನಂದು." ಗಾಜಿನ ಆಚೆ ನಿಂತಿದ್ದ ನಾನು ಆ ದಿನ ಏನನ್ನೂ ಕತ್ತರಿಸಲಿಲ್ಲ.

ಕೋರ್ಸು ಹೊತ್ತಿಗೆ ಸರಿಯಾಗಿ ಹೊರಬಂತು. ಭಾವ ನಿವೃತ್ತರಾಗಿ ಮನೆ ಸೇರಿದರು. ವರ್ಷ ತುಂಬುವ ಮುಂಚೆ, ಯಾರೂ ನೆನಪಿಸದೆ, ಹೊಸ ಅರ್ಜಿ ತುಂಬಿ ನನ್ನ ಮೇಜಿನ ಮೇಲಿಟ್ಟರು. ನಾನು ಅಕ್ಕನಿಗೆ ತಲುಪಿಸಿದೆ. ವಾರ ಕಳೆದರೂ ಅದು ವಾಪಸ್ಸು ಬರಲಿಲ್ಲ.

ರಜಾದಿನ ಅವರ ಮನೆಗೆ ಹೋದೆ. ಕಾಫಿ ತಂದುಕೊಟ್ಟವರು ಭಾವ. ಸಕ್ಕರೆ ಹದವಾಗಿತ್ತು. "ಹಕ್ಕುದಾರರು ಇನ್ನೂ ಸಹಿ ಹಾಕಿಲ್ಲ," ಎಂದು ನನ್ನ ಹತ್ತಿರ ದೂರಿದರು. "ಒಪ್ಪಿಗೆ ಸಿಗೋವರೆಗೆ ಬೆಳಿಗ್ಗೆ ಕಾಫಿ ನಂದೇ ಅಂತೆ. ಏನು ಮಾಡೋದು, ಮಾಡ್ತಿದೀನಿ." ಹೀಗೆಂದು ಪತ್ರಿಕೆ ತರಲು ಬೀದಿಗೆ ಹೋದರು.

ಅವರು ಆಚೆ ಹೋದದ್ದೇ ಅಕ್ಕ ನನ್ನ ಕಿವಿಗೆ ಬಾಯಿಟ್ಟಳು. "ನೀನು ತಂದ ದಿನಾನೇ ಸಹಿ ಹಾಕಿದೀನಿ ಕಣೇ. ಸಕ್ಕರೆ ಡಬ್ಬಿ ಕೆಳಗೆ ಇಟ್ಟಿದೀನಿ. ದಿನಾ ಆ ಡಬ್ಬಿ ಎತ್ತಿ ಕಾಫಿ ಮಾಡ್ತಾರೆ, ಕೆಳಗೇನಿದೆ ಅಂತ ನೋಡಿಲ್ಲ ನೋಡು! ಬುದ್ಧಿ ಅಷ್ಟೇ ಅವರದ್ದು." ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ನಾನೂ ಆ ಕಡೆ ಹೋಗಲ್ಲ. ಅಡುಗೆಮನೆ ಬೆಳಿಗ್ಗೆ ಹೊತ್ತು ಅವರದ್ದೇ."

ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಎತ್ತಿದೆ. ಅರ್ಜಿ ಅಲ್ಲೇ ಇತ್ತು. ಅಕ್ಕನ ಸಹಿ, ಸಹಿಯ ಪಕ್ಕ ಅವಳ ಇರುವೆ. ಆ ಇರುವೆಯ ಹಿಂದೆ, ಬೇರೆ ಪೆನ್ನಿನಲ್ಲಿ ಬರೆದ ಇನ್ನೊಂದು ಇರುವೆ ಇತ್ತು. ಹೊಟ್ಟೆ ಸೊಟ್ಟ, ತಲೆ ದಪ್ಪ, ಪುಟಾಣಿ ಚಪ್ಪಲಿಗೆ ಕಾಲು ಬಂದ ಹಾಗೆ. ಎಣಿಸಿದೆ. ಎಂಟು ಕಾಲು.

ಬೀದಿಯ ಬಾಗಿಲ ಸದ್ದಾಯಿತು. ಅರ್ಜಿಯನ್ನು ಇದ್ದ ಹಾಗೇ ಮಡಚಿ, ಡಬ್ಬಿಯನ್ನು ಅದರ ಮೇಲಿಟ್ಟು ಹೊರಗೆ ಬಂದೆ. ಅಕ್ಕನಿಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ. ಗಡುವು ಇನ್ನೂ ಬಾಕಿ ಇತ್ತು. "ಭಾವ, ಇನ್ನರ್ಧ ಲೋಟ ಕಾಫಿ ಸಿಗುತ್ತಾ?" ಎಂದು ಕೇಳಿದೆ.